ಪಿಸಿಒಡಿ ಅಂದರಾ? ಸ್ಕ್ಯಾನಿಂಗ್ ರಿಪೋರ್ಟ್ ಪಕ್ಕಕ್ಕಿಡಿ, ಮೊದಲು ಕ್ಯಾಲೆಂಡರ್ ತೆಗೆಯಿರಿ

‘ಸ್ಕ್ಯಾನಿಂಗ್‌ನಲ್ಲಿ ನೀರುಗುಳ್ಳೆ ಇದೆ ಅಂದ್ರು, ಆಪರೇಷನ್ ಬೇಕಾ?’ ‘ಮಗಳಿಗೆ ಹದಿನಾರು ವರ್ಷ. ಮೂರು ತಿಂಗಳಿಂದ ಡೇಟ್ ಆಗಿಲ್ಲ. ಮುಂದೆ ಮಕ್ಕಳಾಗುತ್ತಾ?’ ‘ಮಾತ್ರೆ ತಗೊಂಡ್ರೆ ಡೇಟ್ ಆಗುತ್ತೆ, ಬಿಟ್ರೆ ನಿಂತೇ ಹೋಗುತ್ತೆ. ಎಷ್ಟು ದಿನ ಹೀಗೆ?’

ಪಿಸಿಒಡಿ ಬಗ್ಗೆ, ಅಂದರೆ ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ಈ ತೊಂದರೆಯ ಬಗ್ಗೆ, ಓದುಗರು ಮತ್ತೆ ಮತ್ತೆ ಕೇಳುವುದು ಈ ಮೂರೇ ಪ್ರಶ್ನೆ. ಪ್ರತಿಯೊಬ್ಬರಿಗೂ ತುಂಡು ತುಂಡಾಗಿ ಉತ್ತರ ಬರೆಯುವುದಕ್ಕಿಂತ ಎಲ್ಲವನ್ನೂ ಒಂದು ಕಡೆ ಇಡುತ್ತಿದ್ದೇನೆ. ಇದನ್ನು ಓದಿ ನೀವೇ ಔಷಧಿ ಶುರು ಮಾಡಬೇಡಿ. ಡಾಕ್ಟರ್ ಎದುರು ಕೂತಾಗ ಏನು ಹೇಳಬೇಕು, ಏನು ಕೇಳಬೇಕು ಎಂಬುದು ತಿಳಿದಿರಲಿ, ಅದಕ್ಕಾಗಿ ಓದಿ. ಆ ಐದು ನಿಮಿಷದ ಮಾತುಕತೆ ಸರಿಯಾಗಿ ನಡೆದರೆ ಮುಂದಿನ ಐದು ವರ್ಷದ ಅಲೆದಾಟ ಎಷ್ಟೋ ಕಡಿಮೆಯಾಗುತ್ತದೆ.

ಮೊದಲು ಹೆಸರಿನ ಗೊಂದಲ ತೀರಿಸಿಕೊಳ್ಳೋಣ. ಪಿಸಿಒಡಿ (ಪಾಲಿಸಿಸ್ಟಿಕ್ ಓವರಿ ಡಿಸೀಸ್), ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಎರಡೂ ಬೇರೆ ಬೇರೆ ಕಾಯಿಲೆಗಳಲ್ಲ. ನಮ್ಮಲ್ಲಿ ಪಿಸಿಒಡಿ ಎಂದು ಕರೆದು ರೂಢಿ, ವೈದ್ಯಕೀಯ ಪುಸ್ತಕಗಳಲ್ಲಿ ಈಗ ಪಿಸಿಒಎಸ್ ಎಂದಿದೆ. ‘ಒಂದು ಸಣ್ಣದು, ಇನ್ನೊಂದು ಸೀರಿಯಸ್’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇನ್ನು ‘ನೀರುಗುಳ್ಳೆ’ ಎಂಬ ಮಾತು. ಸ್ಕ್ಯಾನಿಂಗ್‌ನಲ್ಲಿ ಕಾಣುವ ಆ ಕಪ್ಪು ಚುಕ್ಕೆಗಳು ಗಡ್ಡೆಯೂ ಅಲ್ಲ, ಗುಳ್ಳೆಯೂ ಅಲ್ಲ. ಅವು ಅಂಡವನ್ನು ಒಳಗಿಟ್ಟುಕೊಂಡ ಪುಟ್ಟ ಚೀಲಗಳು, ಡಾಕ್ಟರುಗಳ ಮಾತಿನಲ್ಲಿ ಫಾಲಿಕಲ್‌ಗಳು. ಪ್ರತಿ ತಿಂಗಳು ಇವುಗಳಲ್ಲಿ ಒಂದು ಪೂರ್ತಿ ಬೆಳೆದು ಒಡೆದು ಅಂಡವನ್ನು ಹೊರಗೆ ಬಿಡಬೇಕು. ಪಿಸಿಒಎಸ್‌ನಲ್ಲಿ ಹಲವು ಚೀಲಗಳು ಅರ್ಧ ಬೆಳೆದು ಅಲ್ಲೇ ನಿಂತುಬಿಡುತ್ತವೆ. ಕತ್ತರಿಸಿ ತೆಗೆಯುವಂಥದ್ದು ಅಲ್ಲಿ ಏನೂ ಇಲ್ಲ.

ಯಾಕೆ ನಿಲ್ಲುತ್ತವೆ? ಬಹಳ ಜನರಲ್ಲಿ ಮೂಲ ಇರುವುದು ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ಹಾರ್ಮೋನಿನಲ್ಲಿ. ದೇಹ ಇನ್ಸುಲಿನ್ ಮಾತು ಸರಿಯಾಗಿ ಕೇಳದಿದ್ದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚಿನ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಟೆಸ್ಟೋಸ್ಟೆರಾನ್ ಜಾಸ್ತಿ ಮಾಡಿಸುತ್ತದೆ. ಟೆಸ್ಟೋಸ್ಟೆರಾನ್ ಎಲ್ಲ ಹೆಂಗಸರಲ್ಲೂ ಸ್ವಲ್ಪ ಇರುವ ‘ಗಂಡು’ ಹಾರ್ಮೋನ್. ಅದು ಹೆಚ್ಚಾದಾಗ ಗಲ್ಲದ ಮೇಲೆ ಕೂದಲು, ಮೊಡವೆ, ನಡುನೆತ್ತಿಯಲ್ಲಿ ಕೂದಲು ತೆಳುವಾಗುವುದು, ಅಂಡ ಬಿಡುಗಡೆಯಾಗದಿರುವುದು, ಮುಟ್ಟು ಮುಂದಕ್ಕೆ ಹೋಗುವುದು ಎಲ್ಲವೂ ಒಂದರ ಹಿಂದೆ ಒಂದು ಬರುತ್ತವೆ. 1935ರಲ್ಲಿ ಶಿಕಾಗೊದ ಸ್ಟೀನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಇಂಥ ಏಳು ಮಹಿಳೆಯರ ಬಗ್ಗೆ ಬರೆದಾಗ ಎದ್ದು ಕಂಡದ್ದು ದಪ್ಪಗಾದ ಅಂಡಾಶಯ. ಹೆಸರು ಅದಕ್ಕೇ ಅಂಟಿಕೊಂಡಿತು. ತೊಂದರೆ ಮಾತ್ರ ಇಡೀ ದೇಹದ್ದು.

ಇದು ಅಪರೂಪದ ಕಾಯಿಲೆಯೂ ಅಲ್ಲ. ಮುಟ್ಟಾಗುವ ವಯಸ್ಸಿನ ಮಹಿಳೆಯರಲ್ಲಿ ಶೇ 10ರಿಂದ 13ರಷ್ಟು ಮಂದಿಗೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸುತ್ತದೆ. ನಾಚಿಕೊಳ್ಳುವ ಅಥವಾ ಮುಚ್ಚಿಡುವ ಕಾರಣ ಇಲ್ಲವೇ ಇಲ್ಲ.

ಹಂತ 1: ಮುಟ್ಟಿನ ಲೆಕ್ಕ ಬರೆದಿಡಿ

ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ನೋಡಿ. ಹಾಲಿನವನ ಲೆಕ್ಕ ಇದೆ, ಸಿಲಿಂಡರ್ ಬಂದ ತಾರೀಖು ಇದೆ, ಸಂಘದ ಕಂತು ಕಟ್ಟಿದ ದಿನ ಇದೆ. ಅದೇ ಹಾಳೆಯಲ್ಲಿ ಮುಟ್ಟಾದ ಮೊದಲ ದಿನಕ್ಕೆ ಒಂದು ಸಣ್ಣ ಚುಕ್ಕೆ ಇಡಿ. ಮೊಬೈಲ್ ಆ್ಯಪ್ ಇದ್ದರೂ ಆದೀತು. ಎಷ್ಟು ದಿನ ಇತ್ತು, ದಿನಕ್ಕೆ ಎಷ್ಟು ಪ್ಯಾಡ್ ಬೇಕಾಯಿತು, ಅಷ್ಟು ಸಾಕು. ಹಿಂದಿನ ಆರು ತಿಂಗಳಿನದು ನೆನಪಿದ್ದರೆ ಅದನ್ನೂ ಸೇರಿಸಿ.

ಲೆಕ್ಕ ಹಾಕುವುದು ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ. ನಿಂತ ದಿನದಿಂದ ಅಲ್ಲ. ಈ ತಪ್ಪಿನಿಂದ 28 ದಿನದ ಚಕ್ರ 23 ಆಗಿ ಕಾಣಿಸುತ್ತದೆ.

ವಯಸ್ಕರಲ್ಲಿ ಅಂತರ 21ರಿಂದ 35 ದಿನದೊಳಗಿದ್ದರೆ ಸಹಜ. 35 ದಿನ ಮೀರುತ್ತಿದ್ದರೆ, ಅಥವಾ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಸಲ ಮುಟ್ಟಾಗುತ್ತಿದ್ದರೆ ಅದು ಅನಿಯಮಿತ. ಹುಡುಗಿಯರಿಗೆ ಅಳತೆಗೋಲು ಬೇರೆ. ದೊಡ್ಡವಳಾದ ಮೊದಲ ವರ್ಷ ಏರುಪೇರು ಇರುವುದೇ ಸಹಜ. ಅಲ್ಲಿಂದ ಮೂರು ವರ್ಷದವರೆಗೆ 45 ದಿನದ ತನಕದ ಅಂತರ ಒಪ್ಪಿಕೊಳ್ಳಬಹುದು. ಮೊದಲ ವರ್ಷ ಕಳೆದ ಮೇಲೆ ಒಂದೇ ಒಂದು ಸಲವಾದರೂ 90 ದಿನ ದಾಟಿದರೆ ತೋರಿಸಬೇಕು. ಹದಿನೈದು ವರ್ಷ ತುಂಬಿದರೂ ಮೈನೆರೆಯದಿದ್ದರೆ ಕಾಯಬೇಡಿ.

ಎಚ್ಚರಿಕೆ: ಹಬ್ಬ, ಮದುವೆ, ಯಾತ್ರೆಗೆಂದು ಮುಟ್ಟು ಮುಂದೂಡುವ ಮಾತ್ರೆ ನುಂಗಿದ್ದರೆ ಅದನ್ನೂ ಚುಕ್ಕೆಯ ಪಕ್ಕ ಬರೆಯಿರಿ. ಎಷ್ಟೋ ಮನೆಗಳಲ್ಲಿ ಇದನ್ನು ಔಷಧಿ ಎಂದೇ ಲೆಕ್ಕಕ್ಕೆ ಇಡುವುದಿಲ್ಲ. ಡಾಕ್ಟರ್ ಕೇಳಿದರೆ ‘ಯಾವ ಮಾತ್ರೆಯೂ ಇಲ್ಲ’ ಎಂಬ ಉತ್ತರ ಹೋಗುತ್ತದೆ. ಚಕ್ರ ತಪ್ಪಿದ್ದು ಕಾಯಿಲೆಯಿಂದಲೋ ಮಾತ್ರೆಯಿಂದಲೋ ಎಂದು ತಿಳಿಯದೆ ಅಲ್ಲೇ ಗೊಂದಲ ಶುರುವಾಗುತ್ತದೆ.

ಹಂತ 2: ಮೈಮೇಲಿನ ಗುರುತುಗಳನ್ನು ಮುಚ್ಚಿಡದೆ ಹೇಳಿ

ಮೇಲ್ದುಟಿ, ಗಲ್ಲ, ಎದೆಯ ನಡು, ಹೊಕ್ಕುಳ ಕೆಳಗೆ, ತೊಡೆ, ಬೆನ್ನು ಇಲ್ಲೆಲ್ಲ ದಪ್ಪ, ಕಪ್ಪು, ಒರಟು ಕೂದಲಿದೆಯೇ ನೋಡಿ. ಕೆನ್ನೆಯ ಮೇಲಿನ ನವಿರು ರೋಮ ಲೆಕ್ಕಕ್ಕಿಲ್ಲ. ಡಾಕ್ಟರ್ ದೇಹದ ಒಂಬತ್ತು ಜಾಗಗಳಿಗೆ ಅಂಕ ಕೊಟ್ಟು ಕೂಡಿಸುತ್ತಾರೆ. ನೀವು ಹಿಂದಿನ ದಿನ ಥ್ರೆಡಿಂಗ್, ವ್ಯಾಕ್ಸಿಂಗ್ ಮಾಡಿಸಿಕೊಂಡು ಹೋದರೆ ಅವರಿಗೆ ಏನೂ ಕಾಣುವುದಿಲ್ಲ. ಮಾಡಿಸಿದ್ದರೆ ಎಷ್ಟು ದಿನಕ್ಕೊಮ್ಮೆ ಮಾಡಿಸುತ್ತೀರಿ ಎಂದು ಬಾಯಿಬಿಟ್ಟು ಹೇಳಿ. ‘ವಾರಕ್ಕೆರಡು ಸಲ ಗಲ್ಲದ ಕೂದಲು ಕೀಳುತ್ತೇನೆ’ ಎಂಬ ಒಂದು ವಾಕ್ಯ ಒಂದು ರಕ್ತಪರೀಕ್ಷೆಯಷ್ಟು ಬೆಲೆಯುಳ್ಳದ್ದು.

ಕತ್ತಿನ ಹಿಂಭಾಗ ಮತ್ತು ಕಂಕುಳು ನೋಡಿ. ಚರ್ಮ ಕಪ್ಪಾಗಿ, ದಪ್ಪವಾಗಿ, ಮುಟ್ಟಿದರೆ ಮಖಮಲ್ ಹಾಗೆ ಇದ್ದರೆ ಅದು ಇನ್ಸುಲಿನ್ ಹೆಚ್ಚಿರುವ ಗುರುತು. ನಾನು ಕಂಡ ಒಬ್ಬ ಹುಡುಗಿಯ ಕತ್ತಿನ ಮೇಲೆ ಕಪ್ಪಿನ ನಡುವೆ ಕೆಂಪು ಗೀರುಗಳಿದ್ದವು. ‘ಸರಿಯಾಗಿ ಉಜ್ಜಿ ಸ್ನಾನ ಮಾಡಲ್ಲ’ ಎಂದು ಅವಳ ತಾಯಿ ವಾರಗಟ್ಟಲೆ ಕಡಲೆಹಿಟ್ಟು, ನಿಂಬೆಹೋಳು ಹಾಕಿ ತಿಕ್ಕಿದ್ದರು. ಅದು ಕೊಳೆಯಲ್ಲ ತಾಯಂದಿರೇ. ದಯವಿಟ್ಟು ತಿಕ್ಕಬೇಡಿ, ಮಗಳನ್ನು ಬೈಯಬೇಡಿ. ಒಳಗಿನ ಇನ್ಸುಲಿನ್ ತಗ್ಗಿದಂತೆ ಅದು ತಾನಾಗಿಯೇ ತಿಳಿಯಾಗುತ್ತದೆ.

ಕೆಲವೇ ತಿಂಗಳಲ್ಲಿ ಕೂದಲು ವಿಪರೀತ ಬೆಳೆಯಿತು, ದನಿ ಗಡಸಾಯಿತು ಎಂದಾದರೆ ಅದು ಪಿಸಿಒಎಸ್‌ನ ನಡೆಯಲ್ಲ. ಪಿಸಿಒಎಸ್ ವರ್ಷಗಳ ಮೇಲೆ ನಿಧಾನವಾಗಿ ಬರುತ್ತದೆ. ಅಂಡಾಶಯ ಅಥವಾ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಇದೆಯೇ ಎಂದು ತಡಮಾಡದೆ ನೋಡಿಸಬೇಕು.

ಹಂತ 3: ರಕ್ತಪರೀಕ್ಷೆ

ಪಿಸಿಒಎಸ್ ಎನ್ನುವ ಮೊದಲು ಅದೇ ಥರ ಕಾಣುವ ಬೇರೆ ತೊಂದರೆಗಳನ್ನು ಪಕ್ಕಕ್ಕೆ ಸರಿಸಬೇಕು. ಆದ್ದರಿಂದ ಈ ಪರೀಕ್ಷೆಗಳು ಬೇಕು:

- ಟಿಎಸ್‌ಎಚ್: ಥೈರಾಯ್ಡ್ ಹೇಗಿದೆ ಎಂದು ತೋರಿಸುತ್ತದೆ.
- ಪ್ರೊಲ್ಯಾಕ್ಟಿನ್: ಹಾಲೂಡಿಸುವಾಗ ಏರುವ ಹಾರ್ಮೋನ್. ಸುಮ್ಮನೆ ಏರಿದ್ದರೆ ಮುಟ್ಟು ನಿಲ್ಲಿಸುತ್ತದೆ.
- 17-ಹೈಡ್ರಾಕ್ಸಿ ಪ್ರೊಜೆಸ್ಟೆರಾನ್: ಹುಟ್ಟಿನಿಂದಲೇ ಬರುವ ಒಂದು ಅಡ್ರಿನಲ್ ದೋಷವನ್ನು ಹಿಡಿಯಲು. ಇದನ್ನು ಬೆಳಿಗ್ಗೆ ಬೇಗ ಕೊಡಬೇಕು, ಮುಟ್ಟಾಗುತ್ತಿದ್ದರೆ ಚಕ್ರದ ಮೊದಲ ದಿನಗಳಲ್ಲಿ.
- ಟೋಟಲ್ ಟೆಸ್ಟೋಸ್ಟೆರಾನ್, ಜೊತೆಗೆ ಎಸ್‌ಎಚ್‌ಬಿಜಿ (ಈ ಹಾರ್ಮೋನನ್ನು ರಕ್ತದಲ್ಲಿ ಕಟ್ಟಿಹಿಡಿಯುವ ಪ್ರೋಟೀನ್): ಎರಡರಿಂದ, ರಕ್ತದಲ್ಲಿ ಬಿಡಿಯಾಗಿ ಓಡಾಡುವ ಹಾರ್ಮೋನ್ ಎಷ್ಟೆಂದು ಲೆಕ್ಕ ಸಿಗುತ್ತದೆ.
- ಗರ್ಭಧಾರಣೆ ಪರೀಕ್ಷೆ: ಸಾಧ್ಯತೆ ಇದ್ದರೆ ಎಲ್ಲಕ್ಕಿಂತ ಮೊದಲು ಇದು. ಮುಟ್ಟು ತಪ್ಪುವುದು ಪಿಸಿಒಎಸ್‌ನಲ್ಲಿ ಮಾಮೂಲು ಎಂದುಕೊಂಡು ನಾಲ್ಕು ತಿಂಗಳ ನಂತರ ಗರ್ಭ ಗೊತ್ತಾಗುವುದೂ ಉಂಟು.

ಜನ ಹೆಚ್ಚು ಎಡವುವ ಜಾಗ ಇದೇ. ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಟೆಸ್ಟೋಸ್ಟೆರಾನ್ ಪರೀಕ್ಷೆ ಮಾಡಿಸಿದರೆ ಅದಕ್ಕೆ ಅರ್ಥವಿಲ್ಲ. ಮಾತ್ರೆ ನಿಲ್ಲಿಸಿ ಮೂರು ತಿಂಗಳಾದರೂ ಆಗಿರಬೇಕು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬ್‌ಗೆ ಹೋಗುವ ಎರಡು ಮೂರು ದಿನ ಮುಂಚೆ ಬಿಡಿ, ಅದು ಥೈರಾಯ್ಡ್ ಮತ್ತು ಹಾರ್ಮೋನ್ ಅಂಕಿಗಳನ್ನು ಸುಳ್ಳಾಗಿಸುತ್ತದೆ. ಇನ್ನೊಂದನ್ನಂತೂ ಯಾರೂ ಹೇಳುವುದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಕೊಡುವ ಗ್ಯಾಸ್ ಮಾತ್ರೆಗಳಲ್ಲಿ ಡೊಂಪೆರಿಡಾನ್ ಅಥವಾ ಲೆವೊಸಲ್ಪಿರೈಡ್ ಸೇರಿರುವುದು ಸಾಮಾನ್ಯ. ಎರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ, ಮುಟ್ಟನ್ನೂ ತಪ್ಪಿಸಬಲ್ಲವು. ದಿನಾ ನುಂಗುವ ಮಾತ್ರೆಯ ಸ್ಟ್ರಿಪ್‌ಗಳನ್ನು ಒಂದು ಕವರಿನಲ್ಲಿ ಹಾಕಿಕೊಂಡೇ ಡಾಕ್ಟರ್ ಬಳಿ ಹೋಗಿ.

‘ಪಿಸಿಒಡಿ ಪ್ಯಾಕೇಜ್’ ಎಂದು ಲ್ಯಾಬ್‌ಗಳು ಮಾರುವ ಉದ್ದದ ಪಟ್ಟಿಗೆ ದುಡ್ಡು ಸುರಿಯುವ ಮುಂಚೆ ಡಾಕ್ಟರನ್ನು ಕೇಳಿ. ಅಂಡಾಶಯವನ್ನು ನಡೆಸುವ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನ್‌ಗಳ ಅನುಪಾತ ಈಗಿನ ರೋಗನಿರ್ಣಯದ ನಿಯಮದಲ್ಲಿ ಇಲ್ಲ. ಖಾಲಿಹೊಟ್ಟೆಯ ಇನ್ಸುಲಿನ್ ಪರೀಕ್ಷೆಯನ್ನೂ ಎಲ್ಲರಿಗೂ ಮಾಡಿಸಬೇಕಾಗಿಲ್ಲ.

ಹಂತ 4: ಸ್ಕ್ಯಾನಿಂಗ್ ಬೇಕೋ ಬೇಡವೋ

ನಮ್ಮಲ್ಲಿ ಎಲ್ಲರೂ ಮೊದಲು ಓಡುವುದು ಸ್ಕ್ಯಾನಿಂಗ್ ಸೆಂಟರ್‌ಗೆ. ಅದು ಕೊನೆಯಲ್ಲಿ ಬರಬೇಕಾದದ್ದು, ಕೆಲವರಿಗೆ ಬೇಕಾಗಿಯೇ ಇಲ್ಲ. ಮುಟ್ಟು ಅನಿಯಮಿತವಾಗಿದ್ದು, ಗಂಡು ಹಾರ್ಮೋನ್ ಹೆಚ್ಚಿರುವ ಗುರುತೂ ಇದ್ದು, ಬೇರೆ ಕಾರಣಗಳಿಲ್ಲ ಎಂದು ಖಚಿತವಾದರೆ ಅಷ್ಟಕ್ಕೇ ಪಿಸಿಒಎಸ್ ಎನ್ನಬಹುದು.

ಹದಿಹರೆಯದ ಹುಡುಗಿಯರಿಗಂತೂ, ಅಂದರೆ ಮೈನೆರೆದು ಎಂಟು ವರ್ಷ ಆಗುವವರೆಗೆ, ಪಿಸಿಒಎಸ್ ಇದೆಯೇ ಎಂದು ತೀರ್ಮಾನಿಸಲು ಸ್ಕ್ಯಾನಿಂಗ್ ಬಳಸಲೇಬಾರದು ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಆ ವಯಸ್ಸಿನಲ್ಲಿ ಆರೋಗ್ಯವಂತ ಅಂಡಾಶಯದಲ್ಲೂ ಚೀಲಗಳು ತುಂಬಿರುತ್ತವೆ. ಹದಿನೇಳರ ಹುಡುಗಿಯ ರಿಪೋರ್ಟಿನ ಕೊನೆಯ ಸಾಲಿನಲ್ಲಿ ‘ಪಿಸಿಒಡಿ’ ಎಂಬುದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರುತ್ತದೆ. ಮನೆ ತಲುಪುವಷ್ಟರಲ್ಲಿ ಆ ಚಿಹ್ನೆ ಕಳಚಿ ಬಿದ್ದಿರುತ್ತದೆ. ‘ನಿನಗೆ ಮಕ್ಕಳಾಗಲ್ಲ’ ಎಂಬ ಭಯವನ್ನು ಮಗು ಜೀವನವಿಡೀ ಹೊರುತ್ತದೆ. ಇದು ನನಗೆ ತುಂಬ ನೋವು ಕೊಡುವ ವಿಷಯ.

ವಯಸ್ಕರಲ್ಲಿ ಸ್ಕ್ಯಾನಿಂಗ್ ಬೇಕಾದರೆ ಯೋನಿಯ ಮೂಲಕ ಮಾಡುವುದು ಹೆಚ್ಚು ಸ್ಪಷ್ಟ. ಯಾವುದಾದರೂ ಒಂದು ಅಂಡಾಶಯದಲ್ಲಿ 20 ಅಥವಾ ಹೆಚ್ಚು ಚೀಲಗಳು, ಇಲ್ಲವೇ ಅಂಡಾಶಯದ ಗಾತ್ರ 10 ಮಿಲಿಲೀಟರ್ ಅಥವಾ ಹೆಚ್ಚು ಇದ್ದರೆ ‘ಪಾಲಿಸಿಸ್ಟಿಕ್’ ಎನ್ನುತ್ತಾರೆ. ಆ ಬಗೆ ಬೇಡ ಎನ್ನುವ ಹಕ್ಕು ನಿಮಗಿದೆ. ಬೇಡವೆಂದರೆ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಹೊಟ್ಟೆಯ ಮೇಲಿಂದ ಮಾಡಬಹುದು. ಸ್ಕ್ಯಾನಿಂಗ್ ಬದಲು, ಈ ಚೀಲಗಳು ತಯಾರಿಸುವ ಎಎಂಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆಯೂ ವಯಸ್ಕರಿಗೆ ಈಗ ನಡೆಯುತ್ತದೆ. ಎರಡರಲ್ಲಿ ಒಂದು ಸಾಕು.

ಹಂತ 5: ಮೂರರಲ್ಲಿ ಎರಡು

2003ರಲ್ಲಿ ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ ತಜ್ಞರು ಕೂತು ಮಾಡಿದ ನಿಯಮವೇ ಇವತ್ತಿಗೂ ತಳಪಾಯ. ಅನಿಯಮಿತ ಮುಟ್ಟು ಒಂದು. ಗಂಡು ಹಾರ್ಮೋನ್ ಹೆಚ್ಚಿರುವುದು, ಮೈಮೇಲಾದರೂ ಸರಿ ರಕ್ತದಲ್ಲಾದರೂ ಸರಿ, ಎರಡು. ಸ್ಕ್ಯಾನಿಂಗ್ ಅಥವಾ ಎಎಂಎಚ್ ಮೂರು. ಇವುಗಳಲ್ಲಿ ಯಾವುದಾದರೂ ಎರಡು ಇರಬೇಕು, ಬೇರೆ ಕಾಯಿಲೆ ಇರಬಾರದು. ಹದಿಹರೆಯದವರಿಗೆ ಮೊದಲ ಎರಡೂ ಇರಲೇಬೇಕು. ಒಂದೇ ಇದ್ದರೆ ‘ಸಾಧ್ಯತೆ ಇದೆ’ ಎಂದಿಟ್ಟುಕೊಂಡು ಮತ್ತೆ ನೋಡಬೇಕೇ ಹೊರತು ಹಣೆಪಟ್ಟಿ ಹಚ್ಚಬಾರದು.

ನಿಮ್ಮ ಡಾಕ್ಟರನ್ನು ನೇರವಾಗಿ ಕೇಳಿ: ‘ಮೇಡಂ, ಮೂರರಲ್ಲಿ ನನಗೆ ಯಾವ ಎರಡು ಇವೆ?’ ಉತ್ತರವನ್ನು ಫೈಲಿನ ಮೇಲೆ ಬರೆದುಕೊಳ್ಳಿ. ತೆಳ್ಳಗಿರುವವರಿಗೆ ಪಿಸಿಒಎಸ್ ಬರುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ, ಅವರಿಗೂ ಬರುತ್ತದೆ.

ಹಂತ 6: ಸಕ್ಕರೆ, ಬಿಪಿ, ಮನಸ್ಸು

ಪಿಸಿಒಎಸ್ ಎಂದು ಗೊತ್ತಾದ ದಿನವೇ ಸಕ್ಕರೆ ಪರೀಕ್ಷೆಯ ಚೀಟಿ ಬರೆಸಿಕೊಳ್ಳಿ, ವಯಸ್ಸು ಇಪ್ಪತ್ತಾದರೂ ಸರಿ. ಖಾಲಿಹೊಟ್ಟೆಯ ರಕ್ತ ಒಂದೇ ಸಾಲದು. 75 ಗ್ರಾಂ ಗ್ಲೂಕೋಸ್ ನೀರು ಕುಡಿದು ಎರಡು ಗಂಟೆಯ ನಂತರ ಮತ್ತೆ ರಕ್ತ ಕೊಡುವ ಪರೀಕ್ಷೆ ಎಲ್ಲಕ್ಕಿಂತ ನಿಖರ. ಎರಡು ಗಂಟೆಯ ಅಂಕಿ 140ರಿಂದ 199ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. 200 ಅಥವಾ ಹೆಚ್ಚಿದ್ದರೆ ಸಕ್ಕರೆ ಕಾಯಿಲೆಯ ಮಟ್ಟ, ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುತ್ತಾರೆ. ಜೊತೆಗೆ ಬಿಪಿ, ಕೊಲೆಸ್ಟ್ರಾಲ್, ಸೊಂಟದ ಸುತ್ತಳತೆ. ನಮ್ಮ ಹೆಂಗಸರಲ್ಲಿ ಸೊಂಟ 80 ಸೆಂಟಿಮೀಟರ್ ಮೀರಿದರೆ ಅಪಾಯ ಶುರು.

ಪಿಸಿಒಎಸ್ ಇರುವವರಲ್ಲಿ ಖಿನ್ನತೆ, ಆತಂಕ ಹೆಚ್ಚು. ಇದು ಮನೋದೌರ್ಬಲ್ಯವಲ್ಲ, ಕಾಯಿಲೆಯ ಭಾಗ. ಮಾತಾಡಲು ಯಾರೂ ಇಲ್ಲ ಅನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹಂತ 7: ಚಿಕಿತ್ಸೆ ಆರಿಸಿಕೊಳ್ಳುವುದು

ಪಿಸಿಒಎಸ್‌ಗೆ ಒಂದೇ ಮಾತ್ರೆ ಇಲ್ಲ. ಈಗ ನಿಮಗೆ ಬೇಕಾದದ್ದು ಏನು? ಸರಿಯಾದ ಮುಟ್ಟೋ, ಗಲ್ಲದ ಕೂದಲು ಹೋಗುವುದೋ, ಮಗುವೋ? ಅದನ್ನು ಮೊದಲು ಹೇಳಿ. ಚಿಕಿತ್ಸೆ ಅದರ ಮೇಲೆ ನಿಂತಿದೆ.

ಊಟ, ನಡಿಗೆ ಎಲ್ಲರಿಗೂ ಬೇಕು. ಅನ್ನ ಬಿಡಿ ಎಂದು ನಾನು ಹೇಳುವುದಿಲ್ಲ. ತಟ್ಟೆಯಲ್ಲಿ ಅನ್ನದ ರಾಶಿ ಅರ್ಧವಾಗಲಿ, ಆ ಜಾಗಕ್ಕೆ ಸೊಪ್ಪಿನ ಪಲ್ಯ, ಮೊಳಕೆ ಕಾಳಿನ ಸಾರು, ಮೊಟ್ಟೆ, ಮೊಸರು ಬರಲಿ. ರಾಗಿ ಒಳ್ಳೆಯದೇ, ಆದರೆ ಎರಡು ದೊಡ್ಡ ಮುದ್ದೆಯೂ ಹಿಟ್ಟೇ. ಸಕ್ಕರೆ ಹಾಕಿದ ನಾಲ್ಕು ಲೋಟ ಕಾಫಿಯನ್ನು ಎರಡಕ್ಕಿಳಿಸಿ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆ, ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ. ತೂಕ ಹೆಚ್ಚಿದ್ದವರು ಶೇ 5ರಿಂದ 10ರಷ್ಟು ಇಳಿಸಿದರೂ, 70 ಕೆ.ಜಿ. ಇದ್ದರೆ ನಾಲ್ಕರಿಂದ ಏಳು ಕೆ.ಜಿ., ಎಷ್ಟೋ ಜನರಿಗೆ ಚಕ್ರ ಮರಳಿ ಹಳಿಗೆ ಬರುತ್ತದೆ. ಇಳಿಯಲಿಲ್ಲ ಎಂದು ನಿಮ್ಮನ್ನು ನೀವೇ ಶಪಿಸಿಕೊಳ್ಳಬೇಡಿ. ಇನ್ಸುಲಿನ್ ಹೆಚ್ಚಿರುವ ದೇಹಕ್ಕೆ ಅದು ನಿಜವಾಗಿಯೂ ಕಷ್ಟ. ತೂಕ ಇಳಿಯದಿದ್ದರೂ ನಡಿಗೆಯಿಂದ ಇನ್ಸುಲಿನ್ ಸುಧಾರಿಸುತ್ತದೆ.

ಮುಟ್ಟು ಸರಿಯಾಗಬೇಕು ಎನ್ನುವವರಿಗೆ: ಮೂರು ತಿಂಗಳಿಗೊಮ್ಮೆಯಾದರೂ ಗರ್ಭಕೋಶದ ಒಳಪದರ ಕಳಚಿ ಹೋಗಬೇಕು. ಹೋಗದೆ ವರ್ಷಗಟ್ಟಲೆ ದಪ್ಪವಾಗುತ್ತಲೇ ಇದ್ದರೆ ಮುಂದೆ ಆ ಪದರದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುತ್ತದೆ. ಆದ್ದರಿಂದ ‘ಮದುವೆ ಆದ ಮೇಲೆ ಸರಿಹೋಗುತ್ತೆ’ ಎಂದು ಕಾಯುವುದು ತಪ್ಪು. ಎರಡು ದಾರಿಗಳಿವೆ. ಒಂದು, ಈಸ್ಟ್ರೊಜೆನ್–ಪ್ರೊಜೆಸ್ಟೆರಾನ್ ಬೆರೆತ ಗರ್ಭನಿರೋಧಕ ಮಾತ್ರೆ, ಮದುವೆಯಾಗದ ಹುಡುಗಿಗೂ ಇದನ್ನು ಹಾರ್ಮೋನ್ ಚಿಕಿತ್ಸೆಯಾಗಿಯೇ ಕೊಡುತ್ತಾರೆ. ಇನ್ನೊಂದು, ಎರಡು ಮೂರು ತಿಂಗಳಿಗೊಮ್ಮೆ ಕೆಲವು ದಿನ ಪ್ರೊಜೆಸ್ಟೆರಾನ್ ಮಾತ್ರೆ. ಮಾತ್ರೆ ಬಿಟ್ಟರೆ ಮುಟ್ಟು ಮತ್ತೆ ತಪ್ಪುವುದು ಮಾತ್ರೆಯ ದೋಷವಲ್ಲ. ಅದು ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ, ಒಳಪದರವನ್ನು ಕಾಯುತ್ತದೆ.

ಬೆರೆತ ಮಾತ್ರೆ ಶುರು ಮಾಡುವ ಮುನ್ನ ಬಿಪಿ ನೋಡಿಸಿ. ಕಣ್ಣೆದುರು ಬೆಳಕು ಕೋರೈಸಿ ಬರುವ ಮೈಗ್ರೇನ್, ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಇದ್ದರೆ ಹೇಳಲೇಬೇಕು. ಸೈಪ್ರೊಟೆರಾನ್ ಇರುವ ಮಾತ್ರೆಯನ್ನು ನಮ್ಮಲ್ಲಿ ಧಾರಾಳವಾಗಿ ಬರೆಯುತ್ತಾರೆ. ರಕ್ತ ಹೆಪ್ಪುಗಟ್ಟುವ ಅಪಾಯ ಅದರಲ್ಲಿ ತುಸು ಹೆಚ್ಚು, ಆದ್ದರಿಂದ ಮಾರ್ಗಸೂಚಿಯಲ್ಲಿ ಅದು ಮೊದಲ ಆಯ್ಕೆಯಲ್ಲ. ‘ಇದೇ ಯಾಕೆ?’ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ. ಮಾತ್ರೆ ನುಂಗುತ್ತಿರುವಾಗ ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಎದೆನೋವು, ಉಸಿರುಕಟ್ಟುವುದು, ಹಿಂದೆಂದೂ ಕಾಣದ ತಲೆನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮೆಟ್‌ಫಾರ್ಮಿನ್ ಸಕ್ಕರೆ ಕಾಯಿಲೆಯ ಮಾತ್ರೆ ಎಂದು ಹೆದರಬೇಡಿ. ದೇಹ ಇನ್ಸುಲಿನ್ ಮಾತು ಕೇಳುವಂತೆ ಮಾಡುತ್ತದೆ. ಸಾಮಾನ್ಯವಾಗಿ 500 ಮಿಲಿಗ್ರಾಂನಿಂದ ಶುರುಮಾಡಿ ವಾರಕ್ಕೋ ಎರಡು ವಾರಕ್ಕೋ ಏರಿಸುತ್ತಾರೆ. ಊಟದ ಜೊತೆಗೇ ನುಂಗಿ, ಇಲ್ಲದಿದ್ದರೆ ವಾಕರಿಕೆ, ಭೇದಿ ಹಿಡಿದುಕೊಳ್ಳುತ್ತದೆ. ಬಹಳ ಜನ ಮೊದಲ ವಾರದಲ್ಲೇ ಬಿಟ್ಟುಬಿಡುವುದು ಇದಕ್ಕೇ. ಬಿಡುವ ಬದಲು ನಿಧಾನವಾಗಿ ಬಿಡುಗಡೆಯಾಗುವ ಬಗೆಯ ಮಾತ್ರೆ ಕೇಳಿ. ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ನೋಡಿಸಿಕೊಳ್ಳಬೇಕು. ಜನೌಷಧಿ ಕೇಂದ್ರಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ಪಿಸಿಒಡಿಗೆಂದು ಮಾರುವ ಇನೊಸಿಟಾಲ್ ಪುಡಿಗಳಿಂದ ಹಾನಿ ಕಡಿಮೆ, ಲಾಭಕ್ಕೆ ಪುರಾವೆಯೂ ಕಡಿಮೆ. ತಿಂಗಳ ಖರ್ಚು ಬಿಗಿಯಾಗಿದ್ದರೆ ಅದನ್ನು ಬಿಡಬಹುದು, ಮೆಟ್‌ಫಾರ್ಮಿನ್ ಬಿಡಬೇಡಿ.

ಕೂದಲಿಗೆ ತಾಳ್ಮೆ ಬೇಕು. ಯಾವ ಔಷಧಿಯಾದರೂ ಆರು ತಿಂಗಳ ಮುಂಚೆ ಗುಣ ತೋರುವುದಿಲ್ಲ. ಗಂಡು ಹಾರ್ಮೋನಿನ ಕೆಲಸ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಕೊಟ್ಟರೆ ಗರ್ಭ ನಿಲ್ಲದಂತೆ ಕಟ್ಟುನಿಟ್ಟಾಗಿ ನೋಡಿಕೊಳ್ಳಬೇಕು, ಗಂಡು ಭ್ರೂಣದ ಬೆಳವಣಿಗೆಗೆ ಅದು ತೊಂದರೆ ಮಾಡಬಹುದು. ಲೇಸರ್ ಮಾಡಿಸುವವರು ಹಾರ್ಮೋನ್ ಹಿಡಿತಕ್ಕೆ ತಂದುಕೊಂಡು ಮಾಡಿಸಿ.

ಮಗು ಬೇಕು ಎನ್ನುವವರಿಗೆ: ಮೊದಲು ಗಂಡನ ವೀರ್ಯಪರೀಕ್ಷೆ. ಹೆಂಡತಿಗೆ ಪಿಸಿಒಡಿ ಎಂಬ ಚೀಟಿ ಸಿಕ್ಕಿದ ಮೇಲೆ ಗಂಡನನ್ನು ಯಾರೂ ಪರೀಕ್ಷೆಗೆ ಕಳಿಸುವುದಿಲ್ಲ, ವರ್ಷಗಟ್ಟಲೆ ಅವಳೊಬ್ಬಳೇ ಮಾತ್ರೆ ನುಂಗುತ್ತಾಳೆ. ಇದು ಅನ್ಯಾಯ, ಹಣವೂ ದಂಡ. ಫೋಲಿಕ್ ಆಸಿಡ್ ಮುಂಚೆಯೇ ಶುರುವಾಗಲಿ. ಅಂಡ ಬಿಡುಗಡೆಗೆ ಮೊದಲ ಆಯ್ಕೆ ಲೆಟ್ರೊಜೋಲ್, ಚಕ್ರದ ಆರಂಭದಲ್ಲಿ ಐದು ದಿನ. ಇದು ಸ್ತನ ಕ್ಯಾನ್ಸರ್‌ಗೂ ಕೊಡುವ ಮಾತ್ರೆಯಾದ್ದರಿಂದ ಇಂಟರ್‌ನೆಟ್‌ನಲ್ಲಿ ನೋಡಿ ಗಾಬರಿಯಾಗುವವರಿದ್ದಾರೆ. ಭಾರತದಲ್ಲಿ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಇದನ್ನು ನಿಷೇಧಿಸಿದ್ದೂ ನಿಜ, 2017ರಲ್ಲಿ ಆ ನಿಷೇಧವನ್ನು ತೆಗೆದದ್ದೂ ನಿಜ. ಧೈರ್ಯವಾಗಿ ತೆಗೆದುಕೊಳ್ಳಿ, ಆದರೆ ಗರ್ಭ ಇಲ್ಲವೆಂದು ಖಚಿತಪಡಿಸಿಕೊಂಡು, ವೈದ್ಯರ ನಿಗಾದಲ್ಲಿ ಮಾತ್ರ. ಪಿಸಿಒಎಸ್ ಇರುವ ಹೆಚ್ಚಿನವರಿಗೆ ಮಕ್ಕಳಾಗುತ್ತವೆ, ಕೆಲವರಿಗೆ ಸ್ವಲ್ಪ ಸಹಾಯ ಬೇಕಾಗುತ್ತದೆ ಅಷ್ಟೆ. ಹಾಗೆಯೇ, ಮಗು ಈಗ ಬೇಡ ಎನ್ನುವವರು ‘ನನಗೆ ಹೇಗೂ ಪಿಸಿಒಡಿ ಇದೆ’ ಎಂದು ಗರ್ಭನಿರೋಧಕ ಬಿಡಬೇಡಿ.

ಹಂತ 8: ಮುಂದಿನ ತಪಾಸಣೆಗಳು

ಹೊಸ ಮಾತ್ರೆ ಶುರುವಾದ ಮೂರು ತಿಂಗಳಿಗೆ ಒಂದು ಸಲ ಡಾಕ್ಟರನ್ನು ಕಾಣಿ. ಬಿಪಿ, ತೂಕ ವರ್ಷಕ್ಕೊಮ್ಮೆ. ಸಕ್ಕರೆ ಪರೀಕ್ಷೆ ಒಂದರಿಂದ ಮೂರು ವರ್ಷಕ್ಕೊಮ್ಮೆ, ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದರೆ ವರ್ಷಕ್ಕೊಮ್ಮೆ. ಗರ್ಭ ನಿಂತರೆ ಮೊದಲ ಭೇಟಿಯಲ್ಲೇ ‘ನನಗೆ ಪಿಸಿಒಎಸ್ ಇದೆ’ ಎಂದು ಹೇಳಿ ಗ್ಲೂಕೋಸ್ ಪರೀಕ್ಷೆ ಮಾಡಿಸಿಕೊಳ್ಳಿ. ಸ್ಕ್ಯಾನಿಂಗ್ ಅನ್ನು ‘ಗುಳ್ಳೆ ಕರಗಿತಾ’ ಎಂದು ನೋಡಲು ಆರು ತಿಂಗಳಿಗೊಮ್ಮೆ ಮಾಡಿಸುವ ಅಗತ್ಯವಿಲ್ಲ.

ಹುಡುಗಿಯರಿಗೆ ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್‌ನಲ್ಲಿ ಉಚಿತವಾಗಿ ಸಲಹೆ ಸಿಗುತ್ತದೆ. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗದ ಹೊರರೋಗಿ ಸೇವೆ ಇದೆ. ಹೋಗುವಾಗ ಮುಟ್ಟಿನ ಲೆಕ್ಕದ ಹಾಳೆ, ಹಳೆಯ ರಿಪೋರ್ಟುಗಳು, ಮಾತ್ರೆ ಸ್ಟ್ರಿಪ್‌ಗಳ ಕವರು ಮೂರನ್ನೂ ಮರೆಯಬೇಡಿ. ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ರಕ್ತ ಹೋಗುತ್ತಿದ್ದರೆ ಮಾತ್ರ ಇದ್ಯಾವುದನ್ನೂ ಹುಡುಕುತ್ತಾ ಕೂರದೆ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ.